ಊರು ಅಲ್ಲೇ, ಜಿಲ್ಲೆ ಬೇರೆ: ಜಾಲತಾಣದ ಹಳೇ ಕೊಂಡಿಗಳಿಗೆ ಹೊಸ ದಾರಿ ತೋರಿಸುವುದು ಹೇಗೆ?

ಮಕ್ತಲ್ ಪಟ್ಟಣ ಇದ್ದಲ್ಲೇ ಇದೆ, ಒಂದಿಂಚೂ ಕದಲಿಲ್ಲ. ಆದರೆ ಅದರ ವಿಳಾಸ ಹತ್ತೇ ವರ್ಷದೊಳಗೆ ಎರಡು ಸಲ ಬದಲಾಯಿತು. 2014ರ ಜೂನ್ 2ರವರೆಗೆ ಅದು ಆಂಧ್ರಪ್ರದೇಶದ ಮಹಬೂಬ್‌ನಗರ ಜಿಲ್ಲೆಯಲ್ಲಿತ್ತು. ಅಂದು ತೆಲಂಗಾಣ ರಾಜ್ಯವಾಯಿತು, ಜಿಲ್ಲೆ ಅದೇ ಉಳಿಯಿತು. 2019ರ ಫೆಬ್ರವರಿ 17ರಂದು ನಾರಾಯಣಪೇಟೆಯೇ ಜಿಲ್ಲೆಯಾದಾಗ ಮಕ್ತಲ್ ಅದರ ಪಾಲಿಗೆ ಬಂತು. ಇತ್ತ ಮಡಕಶಿರಾದ ಕಥೆಯೂ ಹೀಗೆಯೇ. 2022ರ ಏಪ್ರಿಲ್ 4ರಂದು ಅದು ಅನಂತಪುರವನ್ನು ಬಿಟ್ಟು ಪುಟ್ಟಪರ್ತಿ ಕೇಂದ್ರವಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ರಾಯದುರ್ಗ ಮಾತ್ರ ಅನಂತಪುರದಲ್ಲೇ ಉಳಿಯಿತು.

ಜನರಿಗೆ ಇದರಿಂದ ಆದ ತೊಂದರೆ ರೇಷನ್ ಕಾರ್ಡು, ಜಾತಿ ಪ್ರಮಾಣಪತ್ರಗಳಲ್ಲಿ ಕಂಡಿತು. ಜಾಲತಾಣಗಳಿಗೆ ಆಗುವ ತೊಂದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದು ಸಣ್ಣ ಕನ್ನಡ ಸುದ್ದಿತಾಣ ತನ್ನ ಪುಟಗಳನ್ನು ರಾಜ್ಯ, ಜಿಲ್ಲೆ, ಊರು, ಸುದ್ದಿ ಸಂಖ್ಯೆ ಎಂಬ ಕ್ರಮದಲ್ಲಿ ಜೋಡಿಸಿದೆ ಎಂದಿಟ್ಟುಕೊಳ್ಳಿ. 2009ರಲ್ಲಿ ಪ್ರಕಟವಾದ ಒಂದು ವರದಿಯ ವಿಳಾಸದ ಬಾಲ ಹೀಗಿದೆ:

/ಆಂಧ್ರ/ಮಹಬೂಬ್‌ನಗರ/ಮಕ್ತಲ್/417

ಜಿಲ್ಲೆ ಬದಲಾದ ಮೇಲೆ ತಾಣದವರು ಶಿಸ್ತಾಗಿ ಎಲ್ಲವನ್ನೂ ಹೊಸ ಜಿಲ್ಲೆಯ ಕೆಳಗೆ ಸರಿಸುತ್ತಾರೆ. ವರದಿ ಈಗ ಇಲ್ಲಿದೆ:

/ತೆಲಂಗಾಣ/ನಾರಾಯಣಪೇಟೆ/ಮಕ್ತಲ್/417

ವರದಿ ಅದೇ, ಚಿತ್ರ ಅದೇ. ಆದರೆ ಹಳೇ ಕೊಂಡಿಯನ್ನು ಯಾರೋ ಪುಸ್ತಕದ ಅಡಿಟಿಪ್ಪಣಿಯಲ್ಲಿ ಅಚ್ಚು ಹಾಕಿಸಿದ್ದಾರೆ, ಇನ್ಯಾರೋ ಮಿಂಚಂಚೆಯಲ್ಲಿ ಕಳಿಸಿದ್ದಾರೆ. ಅದನ್ನು ಕ್ಲಿಕ್ಕಿಸಿದವರಿಗೆ ಸಿಗುವುದು 404, ಅಂದರೆ 'ಪುಟ ಸಿಗಲಿಲ್ಲ'. ದೊಡ್ಡ ಪತ್ರಿಕೆಯ ಸುದ್ದಿಯಾದರೆ ಇನ್ನೊಂದು ಕಡೆ ಹುಡುಕಬಹುದು. ಗಡಿಯಾಚೆಯ ಒಂದು ಕನ್ನಡ ಶಾಲೆಗೆ ಮಾಸ್ತರರು ಬಂದರೇ ಇಲ್ಲವೇ ಎಂಬ ಸುದ್ದಿ ಕನ್ನಡದಲ್ಲಿ ಒಂದೇ ಕಡೆ ಬಂದಿರುವ ಸಾಧ್ಯತೆಯೇ ಹೆಚ್ಚು. ಆ ಕೊಂಡಿ ಸತ್ತರೆ, ಮುಂದೆ ಮನವಿ ಬರೆಯುವವರ ಕೈಯಲ್ಲಿ ತೋರಿಸಲು ಏನೂ ಇರುವುದಿಲ್ಲ.

ಇದಕ್ಕೆ ಮದ್ದು ಇದೆ, ದುಡ್ಡೂ ಬೇಕಿಲ್ಲ. ಸರ್ವರ್‌ನಲ್ಲಿ ನಾಲ್ಕಾರು ಸಾಲು ಬರೆದರೆ ಸಾಕು. ಆದರೆ ಆ ಸಾಲುಗಳನ್ನು ಹದವರಿತು ಬರೆಯಬೇಕು, ಇಲ್ಲವಾದರೆ ಇಡೀ ತಾಣವೇ ಮಲಗೀತು!

ಎರಡು ಬೇರೆ ಬೇರೆ ಕೆಲಸ

ಬಸ್ಸಿಳಿದವರೊಬ್ಬರು ಶಾನುಭೋಗರ ಹಳೇ ಮನೆಯ ಬಾಗಿಲು ತಟ್ಟುತ್ತಾರೆ. ಒಳಗಿನವರು, 'ಅವರು ಈಗ ಇಲ್ಲಿಲ್ಲ ಸ್ವಾಮಿ, ಹೊಸ ಬಡಾವಣೆಯ ಮೂರನೇ ಮನೆ' ಎನ್ನುತ್ತಾರೆ. ಬಂದವರು ಮತ್ತೆ ನಡೆದು ಅಲ್ಲಿಗೆ ಹೋಗಬೇಕು. ಇದು ರಿಡೈರೆಕ್ಟ್. ಸರ್ವರ್ ಹೊಸ ವಿಳಾಸ ಹೇಳಿ ಕಳಿಸುತ್ತದೆ, ಬ್ರೌಸರ್ ಎರಡನೇ ಸಲ ಕೇಳುತ್ತದೆ, ಮೇಲಿನ ಪಟ್ಟಿಯಲ್ಲಿ ವಿಳಾಸ ಬದಲಾದದ್ದು ಓದುಗರಿಗೆ ಕಾಣುತ್ತದೆ.

ಇನ್ನೊಂದು ಬಗೆ ಕಿರಾಣಿ ಅಂಗಡಿಯದು. ಗಿರಾಕಿ ಬೆಲ್ಲ ಕೇಳುತ್ತಾರೆ, ಬೆಲ್ಲ ಹಿಂದಿನ ಗೋದಾಮಿನಲ್ಲಿದೆ, ಹುಡುಗ ಹೋಗಿ ತಂದುಕೊಡುತ್ತಾನೆ. ಗಿರಾಕಿ ನಿಂತಲ್ಲೇ ನಿಂತಿರುತ್ತಾರೆ, ಗೋದಾಮು ಎಲ್ಲಿದೆ ಎಂಬುದು ಅವರಿಗೆ ಬೇಕಾಗಿಯೂ ಇಲ್ಲ. ಇದು ರಿರೈಟ್. ಹೊರಗೆ ಚೊಕ್ಕ ವಿಳಾಸ, ಒಳಗೆ ಬೇರೆ ಕಡತ.

ಊರು ಬದಲಾದಾಗ ಬೇಕಾದದ್ದು ಮೊದಲನೆಯದು. ವಿಳಾಸವನ್ನು ಚಂದ ಮಾಡಲು ಬೇಕಾದದ್ದು ಎರಡನೆಯದು. ಅಪಾಚೆ ಎಂಬ ಸರ್ವರ್ ತಂತ್ರಾಂಶದಲ್ಲಿ ಎರಡನ್ನೂ ಮಾಡುವ 'ಮಾಡ್ ರಿರೈಟ್' ಎಂಬ ಘಟಕವಿದೆ. ಜರ್ಮನಿಯ ರಾಲ್ಫ್ ಎಂಗೆಲ್‌ಶಾಲ್ ಅದನ್ನು 1996ರಲ್ಲಿ ಬರೆದು, 1997ರಲ್ಲಿ ಅಪಾಚೆ ತಂಡಕ್ಕೆ ಒಪ್ಪಿಸಿದರು. ಬಾಡಿಗೆ ಹೋಸ್ಟಿಂಗ್‌ನಲ್ಲಿ ನಡೆಯುವ ಅನೇಕ ಸಣ್ಣ ತಾಣಗಳು ಇಂದಿಗೂ ಇದನ್ನೇ ನೆಚ್ಚಿಕೊಂಡಿವೆ. 'ಡಾಟ್ ಎಚ್‌ಟಿ‌ಆ್ಯಕ್ಸೆಸ್' ಎಂಬ ಸಾದಾ ಪಠ್ಯ ಕಡತದಲ್ಲಿ ನಿಯಮ ಬರೆದು ಉಳಿಸಿದರೆ ಮರುಕ್ಷಣವೇ ಜಾರಿಗೆ ಬರುತ್ತದೆ. ಎಂಜಿನ್‌ಎಕ್ಸ್ ಎಂಬ ಇನ್ನೊಂದು ಸರ್ವರ್‌ನಲ್ಲಿ ಈ ಕಡತ ನಡೆಯುವುದಿಲ್ಲ. ಅಲ್ಲಿ ಮುಖ್ಯ ಸಂರಚನಾ ಕಡತದಲ್ಲೇ ಬರೆದು ಸರ್ವರ್‌ಗೆ ಮತ್ತೆ ಓದಿಸಬೇಕು.

ಒಂದು ನಿಯಮವನ್ನು ಬಿಡಿಸಿ ನೋಡೋಣ

ಆಜ್ಞೆಯ ಹೆಸರುಗಳನ್ನು ಕಡತದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು. ಓದಲು ಸುಲಭವಾಗಲಿ ಎಂದು ಇಲ್ಲಿ ಕನ್ನಡದಲ್ಲಿ ಕೊಟ್ಟಿದೆ.

ರಿರೈಟ್‌ರೂಲ್ ^ಆಂಧ್ರ/ಮಹಬೂಬ್‌ನಗರ/ಮಕ್ತಲ್/([0-9]+)$ /ತೆಲಂಗಾಣ/ನಾರಾಯಣಪೇಟೆ/ಮಕ್ತಲ್/$1 [ಆರ್=301,ಎಲ್]

ಸಾಲಿನಲ್ಲಿ ಆಜ್ಞೆಯ ನಂತರ ಮೂರು ಭಾಗ ಇವೆ, ನಡುವೆ ಖಾಲಿ ಜಾಗ. ಮೊದಲ ಭಾಗ ಹಳೇ ವಿಳಾಸದ ಅಚ್ಚು. ^ ಎಂದರೆ 'ಇಲ್ಲಿಂದ ಶುರು', $ ಎಂದರೆ 'ಇಲ್ಲಿಗೆ ಮುಗಿಯಿತು'. [0-9]+ ಎಂದರೆ ಒಂದು ಅಥವಾ ಹೆಚ್ಚು ಅಂಕಿ. ಅದರ ಸುತ್ತ ಇರುವ ಆವರಣ ಬರೀ ಅಲಂಕಾರವಲ್ಲ, ಒಳಗೆ ಸಿಕ್ಕಿದ್ದನ್ನು ಅದು ಕಿಸೆಗೆ ಹಾಕಿಕೊಳ್ಳುತ್ತದೆ. ಎರಡನೇ ಭಾಗ ಹೊಸ ವಿಳಾಸ, ಅದರಲ್ಲಿರುವ $1 ಎಂದರೆ ಕಿಸೆಯಿಂದ ಮೊದಲನೆಯದನ್ನು ತೆಗೆದು ಇಡು ಎಂದರ್ಥ. 417 ಬಂದರೆ 417, 9003 ಬಂದರೆ 9003. ಹೀಗಾಗಿ ಸಾವಿರ ಸುದ್ದಿಗೆ ಸಾವಿರ ಸಾಲು ಬೇಡ, ಒಂದೇ ಸಾಕು.

ಕೊನೆಯ ಆವರಣದಲ್ಲಿ 'ಆರ್=301' ಎಂದರೆ ಕಾಯಂ ಆಗಿ ಸ್ಥಳಾಂತರವಾಗಿದೆ ಎಂದು ಹೇಳಿ ಕಳಿಸು. 'ಎಲ್' ಎಂದರೆ ಈ ಸುತ್ತಿನಲ್ಲಿ ಮುಂದಿನ ನಿಯಮ ನೋಡಬೇಡ. ಬರೀ 'ಆರ್' ಎಂದು ಬರೆದು ಸಂಖ್ಯೆ ಬಿಟ್ಟರೆ ಅದು 302, ಅಂದರೆ ತಾತ್ಕಾಲಿಕ. ಈ ಎರಡು ಸಂಖ್ಯೆಗಳ ವ್ಯತ್ಯಾಸ ಚಿಕ್ಕದಲ್ಲ. 301 ಎಂದರೆ ಶೋಧಯಂತ್ರಗಳು ಹಳೇ ವಿಳಾಸವನ್ನು ಬಿಟ್ಟು ಹೊಸದನ್ನು ದಾಖಲಿಸಿಕೊಳ್ಳುತ್ತವೆ, ಬ್ರೌಸರ್ ಕೂಡ ನೆನಪಿಟ್ಟುಕೊಂಡು ಮುಂದಿನ ಸಲ ಕೇಳದೇ ನೇರವಾಗಿ ಹೊಸ ಕಡೆಗೆ ಹೋಗುತ್ತದೆ. ತಪ್ಪು ವಿಳಾಸಕ್ಕೆ 301 ಕೊಟ್ಟರೆ? ಸರ್ವರ್‌ನಲ್ಲಿ ತಿದ್ದಿದರೂ ಓದುಗರ ಬ್ರೌಸರ್ ಹಳೇ ತಪ್ಪನ್ನೇ ಹಿಡಿದು ಕೂರಬಹುದು. ಆದ್ದರಿಂದ ಮೊದಲು 302 ಇಟ್ಟು ಪರೀಕ್ಷಿಸಿ, ಎಲ್ಲ ಸರಿ ಎಂದಾದ ಮೇಲೆ 301 ಮಾಡುವುದು ಜಾಣತನ.

ಇನ್ನೂ ಒಂದು ಮಾತು. ಈ ಕಡತದಲ್ಲಿ ಬರೆಯುವಾಗ ಅಚ್ಚಿನ ಮೊದಲಿಗೆ ಓರೆಗೆರೆ ಹಾಕಬಾರದು, ಏಕೆಂದರೆ ಸರ್ವರ್ ಅದನ್ನು ಮೊದಲೇ ತೆಗೆದಿರುತ್ತದೆ. ಮುಖ್ಯ ಸಂರಚನಾ ಕಡತದಲ್ಲಿ ಬರೆದರೆ ಓರೆಗೆರೆ ಬೇಕೇ ಬೇಕು. ಅಂತರ್ಜಾಲದಲ್ಲಿ ಸಿಕ್ಕ ನಿಯಮವನ್ನು ನಕಲು ಮಾಡಿ ಅಂಟಿಸಿದವರು 'ಕೆಲಸವೇ ಮಾಡುತ್ತಿಲ್ಲ' ಎಂದು ತಲೆ ಕೆರೆದುಕೊಳ್ಳುವುದು ಹೆಚ್ಚಾಗಿ ಇದೇ ಕಾರಣಕ್ಕೆ.

ಯಾರು ಮುಂದೆ, ಯಾರು ಹಿಂದೆ

ಮಕ್ತಲ್ ಹೊಸ ಜಿಲ್ಲೆಗೆ ಹೋಯಿತು, ಸರಿ. ಮಹಬೂಬ್‌ನಗರದಲ್ಲೇ ಉಳಿದ ಊರುಗಳಿಗೆ ರಾಜ್ಯವಷ್ಟೇ ಬದಲು. ಅದಕ್ಕೊಂದು ಸಾಮಾನ್ಯ ನಿಯಮ:

ರಿರೈಟ್‌ರೂಲ್ ^ಆಂಧ್ರ/ಮಹಬೂಬ್‌ನಗರ/(.*)$ /ತೆಲಂಗಾಣ/ಮಹಬೂಬ್‌ನಗರ/$1 [ಆರ್=301,ಎಲ್]

(.*) ಎಂದರೆ ಏನಿದ್ದರೂ ಸರಿ. ನಿಯಮಗಳನ್ನು ಸರ್ವರ್ ಮೇಲಿನಿಂದ ಕೆಳಕ್ಕೆ ಓದುತ್ತದೆ. ಈ ಹೊಟ್ಟೆಬಾಕ ಸಾಲು ಮೇಲಿದ್ದರೆ ಮಕ್ತಲ್ ಸುದ್ದಿಯನ್ನೂ ಅದೇ ನುಂಗಿ ಹಾಕುತ್ತದೆ, ಕೆಳಗಿನ ನಿಯಮಕ್ಕೆ ಸರದಿಯೇ ಬರುವುದಿಲ್ಲ. ಹಾಗಾಗಿ ಹೆಸರು ಹಿಡಿದು ಹೇಳುವ ನಿಯಮ ಮೇಲೆ, ಸಾಮಾನ್ಯ ನಿಯಮ ಕೆಳಗೆ. ಅನಂತಪುರದಲ್ಲೂ ಇದೇ ಲೆಕ್ಕ. ಮಡಕಶಿರಾವನ್ನು ಮಾತ್ರ ಹೆಸರಿಸಿ ಕಳಿಸಬೇಕು, ಇಡೀ ಅನಂತಪುರವನ್ನು ಸರಿಸಿದರೆ ರಾಯದುರ್ಗವೂ ಜೊತೆಗೆ ಪುಟ್ಟಪರ್ತಿ ದಾರಿ ಹಿಡಿಯುತ್ತದೆ!

ಬಹಳ ತಾಣಗಳಲ್ಲಿ ಕಾಣುವ ಇನ್ನೊಂದು ದೋಷ ಸರಪಳಿಯದು. 2014ರಲ್ಲಿ ಒಬ್ಬರು ಆಂಧ್ರದಿಂದ ತೆಲಂಗಾಣಕ್ಕೆ ನಿಯಮ ಬರೆದರು. 2019ರಲ್ಲಿ ಇನ್ನೊಬ್ಬರು ತೆಲಂಗಾಣ-ಮಹಬೂಬ್‌ನಗರದಿಂದ ನಾರಾಯಣಪೇಟೆಗೆ ಬರೆದರು. ಆಮೇಲೆ ತಾಣ ಸುರಕ್ಷಿತ ಸಂಪರ್ಕಕ್ಕೆ, ಅಂದರೆ ಎಚ್‌ಟಿಟಿಪಿಎಸ್‌ಗೆ ಹೋಯಿತು, ಮತ್ತೊಂದು ನಿಯಮ. ಈಗ 2009ರ ಕೊಂಡಿ ಒತ್ತಿದವರು ಮೂರು ಬಾಗಿಲು ತಟ್ಟಬೇಕು. ನೆಟ್‌ವರ್ಕ್ ಒಂದೇ ಗೆರೆ ತೋರಿಸುವ ಗಡಿ ಹಳ್ಳಿಯಲ್ಲಿ ಪ್ರತಿ ಸುತ್ತಿಗೂ ಕಾಯಬೇಕಾಗುತ್ತದೆ. ಪ್ರತಿ ಸಲ ವಿಳಾಸ ಬದಲಾದಾಗ ಹಳೇ ನಿಯಮಗಳ ಗುರಿಯನ್ನೂ ತಿದ್ದಿ, 2009ರ ವಿಳಾಸದಿಂದ ಇಂದಿನ ವಿಳಾಸಕ್ಕೆ ಒಂದೇ ಹಾರಿಗೆ ತಲುಪಿಸಬೇಕು. ಗುರಿಯಲ್ಲಿ ಎಚ್‌ಟಿಟಿಪಿಎಸ್ ಸಹಿತ ಪೂರ್ತಿ ವಿಳಾಸ ಬರೆದು, ಸುರಕ್ಷಿತ ಸಂಪರ್ಕದ ನಿಯಮವನ್ನು ಕೆಳಗಿಟ್ಟರೆ ಆ ಸುತ್ತೂ ಉಳಿಯುತ್ತದೆ.

ಸುತ್ತಿ ಸುತ್ತಿ ಸುಸ್ತಾಗುವ ಸರ್ವರ್

ಹಳೇ ತಾಣಗಳ ವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರುತ್ತಿತ್ತು: /ಸುದ್ದಿ.ಪಿಎಚ್‌ಪಿ?ಸಂಖ್ಯೆ=417. ಇದನ್ನು /ಸುದ್ದಿ/417 ಎಂದು ಚೊಕ್ಕ ಮಾಡಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ಇಲ್ಲಿ ಎರಡು ತೊಡಕು. ಮೊದಲನೆಯದು, ರಿರೈಟ್‌ರೂಲ್‌ನ ಅಚ್ಚಿಗೆ ಪ್ರಶ್ನಾರ್ಥಕದ ನಂತರದ ಭಾಗ ಕಾಣುವುದೇ ಇಲ್ಲ. ಅದನ್ನು ನೋಡಲು ಮೇಲೊಂದು 'ರಿರೈಟ್‌ಕಾಂಡ್' ಎಂಬ ಷರತ್ತಿನ ಸಾಲು ಬೇಕು. ಅಲ್ಲಿ ಹಿಡಿದದ್ದನ್ನು $1 ಬದಲು %1 ಎಂದು ಬಳಸಬೇಕು. ಹೊಸ ವಿಳಾಸಕ್ಕೂ ಹಳೇ ಬಾಲ ಅಂಟಿಕೊಂಡು ಬರುತ್ತದೆ, ಬೇಡವಾದರೆ ಕೊನೆಯ ಆವರಣದಲ್ಲಿ 'ಕ್ಯೂಎಸ್‌ಡಿ' ಎಂದು ಸೇರಿಸಬೇಕು.

ಎರಡನೆಯದೇ ನಿಜವಾದ ಪೇಚು. ಹಳೇ ವಿಳಾಸ ಕೇಳಿದವರನ್ನು ಹೊಸದಕ್ಕೆ ಕಳಿಸುವ ರಿಡೈರೆಕ್ಟ್ ಒಂದಿದೆ. ಹೊಸ ವಿಳಾಸ ಕೇಳಿದರೆ ಒಳಗೊಳಗೇ ಹಳೇ ಪಿಎಚ್‌ಪಿ ಕಡತಕ್ಕೆ ಒಯ್ಯುವ ರಿರೈಟ್ ಇನ್ನೊಂದಿದೆ. ಈ ಕಡತದಲ್ಲಿ 'ಎಲ್' ಎಂದರೆ ಈ ಸುತ್ತು ಮುಗಿಯಿತು ಎಂದಷ್ಟೇ. ವಿಳಾಸ ಬದಲಾಗಿದ್ದರೆ ಸರ್ವರ್ ಮತ್ತೆ ಮೊದಲಿನಿಂದ ಓದುತ್ತದೆ. ಆಗ ಒಳಗಿನ ಹಳೇ ವಿಳಾಸ ಕಂಡು 'ಅರೆ, ಇದನ್ನು ಹೊಸದಕ್ಕೆ ಕಳಿಸಬೇಕಲ್ಲ' ಎಂದು ಹೊರಗೆ ಕಳಿಸುತ್ತದೆ, ಹೊರಗಿನದು ಮತ್ತೆ ಒಳಕ್ಕೆ ಬರುತ್ತದೆ. ಗಾಣದ ಎತ್ತಿನ ಹಾಗೆ! ಕೊನೆಗೆ ಬ್ರೌಸರ್ ಬೇಸತ್ತು, ಪುಟ ಅತಿ ಹೆಚ್ಚು ಸಲ ರಿಡೈರೆಕ್ಟ್ ಆಗುತ್ತಿದೆ ಎಂದು ಕೈಚೆಲ್ಲುತ್ತದೆ. ಅಪಾಚೆ 2.4ರಲ್ಲಿ ಇದಕ್ಕೆ ಸರಳ ಪರಿಹಾರವಿದೆ. ಒಳಗಿನ ರಿರೈಟ್ ಸಾಲಿನಲ್ಲಿ 'ಎಲ್' ಬದಲು 'ಎಂಡ್' ಎಂದು ಬರೆದರೆ ಮತ್ತೆ ಸುತ್ತು ಇರುವುದಿಲ್ಲ.

ಸುತ್ತು ಹೊರಗಿನದಲ್ಲದೆ ಬರೀ ಒಳಗಿನದಾದರೆ, ಅಪಾಚೆ ಸಾಮಾನ್ಯವಾಗಿ ಹತ್ತು ಸಲ ನೋಡಿ 500 ಎಂಬ ದೋಷ ತೋರಿಸಿ ನಿಲ್ಲುತ್ತದೆ.

ಕನ್ನಡ ಅಕ್ಷರದ ವಿಳಾಸ

ವಿಳಾಸದಲ್ಲಿ ಕನ್ನಡ ಬಳಸಬಹುದೇ? ಬಳಸಬಹುದು. ಆದರೆ ತಂತಿಯ ಮೇಲೆ ಅದು ಕನ್ನಡವಾಗಿ ಹೋಗುವುದಿಲ್ಲ. ಯೂನಿಕೋಡ್‌ನ ಯುಟಿಎಫ್-8 ಕ್ರಮದಲ್ಲಿ ಒಂದೊಂದು ಕನ್ನಡ ಸಂಕೇತಕ್ಕೆ 3 ಬೈಟ್, ಪ್ರತಿ ಬೈಟ್‌ಗೆ ಶೇಕಡಾ ಚಿಹ್ನೆ ಮತ್ತು ಎರಡು ಅಕ್ಷರ, ಒಟ್ಟು 9. 'ಕಾಸರಗೋಡು' ಎಂಬ ಪದದಲ್ಲಿ ಕಾಗುಣಿತದ ಚಿಹ್ನೆಗಳೂ ಸೇರಿ 8 ಸಂಕೇತ, ಹಾಗಾಗಿ ವಿಳಾಸದಲ್ಲಿ ಅದು 72 ಅಕ್ಷರದಷ್ಟು ಉದ್ದವಾಗುತ್ತದೆ. ಮಿಂಚಂಚೆಯಲ್ಲಿ ಇಂಥ ಕೊಂಡಿ ನಡುವೆ ತುಂಡಾದರೆ ಅಚ್ಚರಿಯಿಲ್ಲ.

ನಿಯಮ ಬರೆಯುವವರಿಗೆ ಒಂದು ಸಮಾಧಾನವೆಂದರೆ, ಅಪಾಚೆ ಆ ಶೇಕಡಾ ರೂಪವನ್ನು ಬಿಡಿಸಿಕೊಂಡ ನಂತರವೇ ಅಚ್ಚಿಗೆ ಹೋಲಿಸುತ್ತದೆ. ಕಡತವನ್ನು ಯುಟಿಎಫ್-8ರಲ್ಲಿ ಉಳಿಸಿದರೆ ಕನ್ನಡವನ್ನು ನೇರವಾಗಿ ಬರೆಯಬಹುದು. ಆದರೆ ಕಣ್ಣಿಗೆ ಒಂದೇ ಕಂಡದ್ದು ಸರ್ವರ್‌ಗೆ ಒಂದೇ ಅಲ್ಲ. 'ಗೋ' ಎಂಬುದರ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ತುಂಡುಗಳನ್ನು ಸೇರಿಸಿಯೂ ಬರೆಯಬಹುದು. 'ಮಹಬೂಬ್‌ನಗರ'ದಲ್ಲಿ ಒತ್ತಕ್ಷರವಾಗದಂತೆ ತಡೆಯುವ, ಕಣ್ಣಿಗೆ ಕಾಣದ ಸಂಕೇತವೊಂದು ನಡುವೆ ಕುಳಿತಿರುತ್ತದೆ. ಅದನ್ನು ಒಬ್ಬರು ಹಾಕಿ ಇನ್ನೊಬ್ಬರು ಬಿಟ್ಟರೆ ಎರಡೂ ಬೇರೆ ವಿಳಾಸ. ಜೊತೆಗೆ ಬಹುಭಾಷಾ ತಾಣದಲ್ಲಿ ಒಂದೇ ಊರನ್ನು ಮಲಯಾಳಂ, ತಮಿಳು, ತೆಲುಗು, ಮರಾಠಿ ವಿಭಾಗಗಳು ಬೇರೆ ಬೇರೆ ಕಾಗುಣಿತದಲ್ಲಿ ಬರೆಯುತ್ತವೆ. ಆದ್ದರಿಂದಲೇ ಶೀರ್ಷಿಕೆ ಕನ್ನಡದಲ್ಲಿದ್ದರೂ ವಿಳಾಸದಲ್ಲಿ ಅಂಕಿ ಇರಲಿ ಎನ್ನುವುದು ಸುರಕ್ಷಿತ ದಾರಿ.

ನಿಜ ಹೇಳಬೇಕೆಂದರೆ ಮೊದಲ ತಪ್ಪು ಆದದ್ದೇ ಅಲ್ಲಿ. ಬದಲಾಗಬಹುದಾದದ್ದನ್ನು ವಿಳಾಸದಲ್ಲಿ ಇಡಬೇಡಿ ಎಂದು ವೆಬ್‌ನ ಜನಕ ಟಿಮ್ ಬರ್ನರ್ಸ್-ಲೀ 1998ರಲ್ಲೇ ಲೇಖನ ಬರೆದು ಎಚ್ಚರಿಸಿದ್ದರು. ಜಿಲ್ಲೆಯ ಹೆಸರು ಸರ್ಕಾರಿ ಆದೇಶವೊಂದರಿಂದ ಬದಲಾಗುತ್ತದೆ. ಸುದ್ದಿ ಪ್ರಕಟವಾದ ವರ್ಷ ಯಾವ ಆದೇಶಕ್ಕೂ ಬಗ್ಗುವುದಿಲ್ಲ. /2009/417 ಎಂದಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ.

ಜಾರಿಗೆ ತರುವ ಮುನ್ನ

ಮೊದಲು ಹಳೇ ಕಡತದ ಒಂದು ಪ್ರತಿ ತೆಗೆದಿಡಿ. ಒಂದು ಖಾಲಿ ಜಾಗ ಹೆಚ್ಚಾದರೂ ಇಡೀ ತಾಣ 500 ತೋರಿಸಬಹುದು. ಆಗ ಹಳೇ ಪ್ರತಿ ವಾಪಸ್ ಹಾಕಿದರೆ ಒಂದು ನಿಮಿಷದ ಕೆಲಸ. ಪರೀಕ್ಷೆಗೆ ಬ್ರೌಸರ್‌ಗಿಂತ 'ಕರ್ಲ್' ಎಂಬ ಉಚಿತ ಸಲಕರಣೆ ಮೇಲು. ಅದು ಯಾವುದನ್ನೂ ನೆನಪಿಟ್ಟುಕೊಳ್ಳದೆ ಸರ್ವರ್ ಕೊಟ್ಟ ಸಂಖ್ಯೆ ಮತ್ತು ಹೊಸ ವಿಳಾಸವನ್ನು ಇದ್ದಂತೆ ತೋರಿಸುತ್ತದೆ. ಒಂದೆರಡು ವಿಳಾಸ ಸರಿಹೋದರೆ ಸಾಲದು. ಸರ್ವರ್‌ನ ದಾಖಲೆಯಲ್ಲಿ 404 ಬಿದ್ದ ವಿಳಾಸಗಳ ಪಟ್ಟಿ ತೆಗೆದು ಒಂದೊಂದನ್ನೂ ನೋಡಬೇಕು.

ಸಿಗದ ಪುಟಗಳನ್ನೆಲ್ಲ ಮುಖಪುಟಕ್ಕೆ ಕಳಿಸಿ ಕೈತೊಳೆದುಕೊಳ್ಳುವ ತಾಣಗಳೂ ಇವೆ. ಇದು ಓದುಗರಿಗೆ ಮಾಡುವ ಮೋಸ. ಶಾಲೆಯ ಸುದ್ದಿ ಕೇಳಿದವರಿಗೆ ಇಂದಿನ ಕ್ರಿಕೆಟ್ ಸುದ್ದಿ ತೋರಿಸಿದಂತೆ. ಪುಟ ನಿಜವಾಗಿಯೂ ತೆಗೆದುಹಾಕಿದ್ದರೆ 410 ಎಂಬ ಸಂಖ್ಯೆ ಕೊಟ್ಟು 'ಇದು ಇನ್ನಿಲ್ಲ' ಎಂದು ಹೇಳಿಬಿಡುವುದೇ ನೇರ.

ಇನ್ನು ನಿಯಮಗಳನ್ನು ಎಷ್ಟು ಕಾಲ ಇಡಬೇಕು? ಕನಿಷ್ಠ ಒಂದು ವರ್ಷ ಎನ್ನುತ್ತದೆ ಗೂಗಲ್. ಅದು ಶೋಧಯಂತ್ರದ ಲೆಕ್ಕ. ಅಚ್ಚಾದ ಪುಸ್ತಕದಲ್ಲಿರುವ ಕೊಂಡಿಗೆ ವರ್ಷದ ಮಿತಿಯಿಲ್ಲ, ತೆಗೆಯದೇ ಇರುವುದೇ ಒಳ್ಳೆಯದು. ತಾಣದ ಹೆಸರನ್ನೇ ಬದಲಿಸಿದವರು ಹಳೇ ಹೆಸರಿನ ವಾರ್ಷಿಕ ಬಾಡಿಗೆಯನ್ನೂ ಕಟ್ಟುತ್ತಿರಬೇಕು. ಅದು ತಪ್ಪಿ ಹೆಸರು ಬೇರೆಯವರ ಕೈಗೆ ಹೋದರೆ, ಇಷ್ಟೆಲ್ಲ ಬರೆದ ನಿಯಮಗಳನ್ನು ಕೇಳಲು ಯಾವ ಬ್ರೌಸರ್ ಕೂಡ ಆ ಸರ್ವರ್‌ನ ಬಾಗಿಲಿಗೆ ಬರುವುದಿಲ್ಲ.