ಎಂಜಿನ್ನಿಲ್ಲದ ವಿಮಾನಕ್ಕೆ ಎಂಥ ಬ್ಯಾಟರಿ?

ಚೈತ್ರ ವೈಶಾಖಗಳ ನಡುಹಗಲಿನಲ್ಲಿ, ಹರಗಿ ಬಿಟ್ಟ ಬೀಳಗಿ ಸೀಮೆಯ ಎರೆಹೊಲಗಳು ಸೂರ್ಯನ ತಾಪವನ್ನು ಹೀರಿ ತಮ್ಮ ಮೇಲಣ ಗಾಳಿಯನ್ನು ಕಾಯಿಸತೊಡಗಿದಾಗ, ಆ ಗಾಳಿಯು ಹಗುರಗೊಂಡು ಮೇಲೇರುವುದನ್ನೂ, ಅದರ ಆಶ್ರಯವನ್ನು ಪಡೆದ ಹದ್ದುಗಳು ರೆಕ್ಕೆಯನ್ನು ಬಡಿಯದೆ ಸುತ್ತುಸುತ್ತಾಗಿ ಏರುತ್ತ ಕಣ್ಣಿಗೆ ಚುಕ್ಕಿಯಾಗುವವರೆಗೆ ಹೋಗುವುದನ್ನೂ ಈ ಭಾಗದ ರೈತರೆಲ್ಲರೂ ಬಲ್ಲರು. ಆಲಮಟ್ಟಿಯ ಹಿನ್ನೀರು ಹರಡಿಕೊಂಡಿರುವ ಕಡೆಗಳಲ್ಲಿ ಅದೇ ಹದ್ದು ಅಷ್ಟು ಸಲೀಸಾಗಿ ಏರಲಾರದು. ನೀರು ನೆಲದಷ್ಟು ಬೇಗ ಕಾಯುವುದಿಲ್ಲವಷ್ಟೆ.

ಹದ್ದಿನ ಈ ವಿದ್ಯೆಯನ್ನೇ ಮನುಷ್ಯನು ಗ್ಲೈಡರಿನಲ್ಲಿ ಸಾಧಿಸಿಕೊಂಡಿದ್ದಾನೆ. ಜರ್ಮನಿಯ ವಾಸರ್‌ಕುಪ್ಪೆ ಬೆಟ್ಟದ ಮೇಲೆ 1920ರಲ್ಲಿ ಮೊದಲಾದ ಸ್ಪರ್ಧೆಗಳಿಂದ ಪುಷ್ಟಿಗೊಂಡ ಈ ಕಲೆ ಕನ್ನಡನಾಡಿಗೆ ತೀರ ಅಪರಿಚಿತವಾದುದಲ್ಲ. ಮೈಸೂರು ಸರ್ಕಾರದ ಸಹಭಾಗಿತ್ವದಿಂದ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯು ಮರುವರ್ಷ ತಾನೇ ವಿನ್ಯಾಸಗೊಳಿಸಿ ನಿರ್ಮಿಸಿದ ಜಿ-1 ಎಂಬುದು ಹತ್ತು ಆಸನಗಳ ಗ್ಲೈಡರೇ ಆಗಿದ್ದಿತು. ನಮ್ಮ ಸೀಮೆಗೆ ಬಹು ದೂರವಲ್ಲದ ಪುಣೆಯ ಹಡಪಸರದಲ್ಲಿ ಕೇಂದ್ರ ಸರ್ಕಾರದ ಗ್ಲೈಡಿಂಗ್ ಕೇಂದ್ರವಿದ್ದು, ಅಲ್ಲಿ ವಿಂಚ್ ಯಂತ್ರದ ಹಗ್ಗದಿಂದ ಎಳೆದು ಗ್ಲೈಡರುಗಳನ್ನು ಆಕಾಶಕ್ಕೆ ಏರಿಸುವ ಪದ್ಧತಿ ಬೆಳೆದುಬಂದಿದೆ.

ಎಂಜಿನ್ನೇ ಇಲ್ಲದ ವಿಮಾನಕ್ಕೆ ಬ್ಯಾಟರಿ ಏತಕ್ಕೆ ಎಂಬ ಪ್ರಶ್ನೆ ವಾಚಕರಲ್ಲಿ ಉದಿಸುವುದು ಸಹಜ. ವೇಗವನ್ನು ತೋರುವ ಮಾಪಕವೂ ಎತ್ತರವನ್ನು ತೋರುವ ಮಾಪಕವೂ ಕೇವಲ ವಾಯುವಿನ ಒತ್ತಡದಿಂದ ನಡೆಯುವಂಥವು. ಅವಕ್ಕೆ ವಿದ್ಯುತ್ತಿನ ಹಂಗಿಲ್ಲ. ಆದರೆ ತಾನು ಏರುತ್ತಿರುವೆನೋ ಇಳಿಯುತ್ತಿರುವೆನೋ ಎಂಬುದನ್ನು ಚಾಲಕನಿಗೆ ದನಿಯಿಂದಲೇ ತಿಳಿಸುವ ವಿದ್ಯುತ್ ವೇರಿಯೋಮೀಟರ್, ನೆಲದವರೊಡನೆ ಮಾತನಾಡಲು ರೇಡಿಯೋ, ಹಾರಾಟದ ಹಾದಿಯನ್ನು ದಾಖಲಿಸುವ ಜಿಪಿಎಸ್ ಉಪಕರಣ, ಒಂದೇ ಬಿಸಿಗಾಳಿಯಲ್ಲಿ ಸುತ್ತುತ್ತಿರುವ ಮತ್ತೊಂದು ಗ್ಲೈಡರು ಸಮೀಪಿಸಿದಾಗ ಎಚ್ಚರಿಸುವ ಫ್ಲಾರ್ಮ್, ಕೆಲವೆಡೆ ನೆಲದ ರೇಡಾರಿಗೆ ತನ್ನ ಗುರುತನ್ನು ತಿಳಿಸುವ ಟ್ರಾನ್ಸ್‌ಪಾಂಡರ್ ಇವೆಲ್ಲವೂ ವಿದ್ಯುತ್ತನ್ನು ಬೇಡುತ್ತವೆ. ಎಂಜಿನ್ನುಳ್ಳ ವಿಮಾನದಲ್ಲಾದರೆ ಹಾರುತ್ತಿರುವಾಗಲೇ ಬ್ಯಾಟರಿಯು ತುಂಬಿಕೊಳ್ಳುತ್ತಿರುತ್ತದೆ. ಇಲ್ಲಿಯಾದರೋ ನೆಲದಿಂದ ತುಂಬಿಕೊಂಡು ಹೋದದ್ದೇ ಇಡೀ ದಿನದ ಬುತ್ತಿ.

ಉಪಕರಣಗಳೆಲ್ಲವೂ ಕೂಡಿ ಸುಮಾರು 1 ಆಂಪಿಯರ್ ಎಳೆಯುತ್ತವೆಂದು ಎಣಿಸೋಣ. ಗ್ಲೈಡರ್ ಚಾಲಕರಿಗೆ ಕೊಡುವ ಅಂತರರಾಷ್ಟ್ರೀಯ ಬೆಳ್ಳಿ ಬಿಲ್ಲೆಯ ನಿಯಮಗಳಲ್ಲಿ ಐದು ಗಂಟೆಗಳ ಕಾಲ ಆಕಾಶದಲ್ಲಿ ನಿಲ್ಲುವುದೂ ಒಂದು. ಅದಕ್ಕೇ 5 ಆಂಪಿಯರ್-ಗಂಟೆ ಬೇಕಾಯಿತು. ರೂಢಿಯಲ್ಲಿರುವುದು 12 ವೋಲ್ಟಿನ, 7 ಆಂಪಿಯರ್-ಗಂಟೆಯ, ಮುಚ್ಚಿದ ಸೀಸ-ಆಮ್ಲದ ಬ್ಯಾಟರಿ. ಇದು ಬೀಳಗಿಯವರಿಗೆ ಹೊಸದೇನಲ್ಲ: ಕಬ್ಬಿಗೂ ದಾಳಿಂಬೆಗೂ ಔಷಧಿ ಹೊಡೆಯಲು ರೈತನು ಬೆನ್ನಿಗೆ ಹೊತ್ತುಕೊಳ್ಳುವ ಬ್ಯಾಟರಿ ಪಂಪಿನ ತಳದಲ್ಲಿ ಕುಳಿತಿರುವುದು ಬಹುತೇಕ ಇದೇ ಜಾತಿಯ, ಇದೇ ವೋಲ್ಟಿನ, ಇಷ್ಟೇ ಶಕ್ತಿಯ ಪೆಟ್ಟಿಗೆ. ಹೊಸದರಲ್ಲಿ ದಿನವಿಡೀ ನಡೆದ ಪಂಪು ಎರಡನೆಯ ಹಂಗಾಮಿಗೆ ಮಧ್ಯಾಹ್ನದಲ್ಲೇ ಸೊರಗುವುದನ್ನು ಕಂಡವರಿಗೆ ಸೀಸ-ಆಮ್ಲದ ಸ್ವಭಾವವನ್ನು ಬೇರೆ ವಿವರಿಸಬೇಕಾಗಿಲ್ಲ. ಪೆಟ್ಟಿಗೆಯ ಮೇಲೆ ಬರೆದ 7 ಎಂಬ ಸಂಖ್ಯೆಯು ಇಪ್ಪತ್ತು ಗಂಟೆಗಳ ಕಾಲ ಮೆಲ್ಲಗೆ ಬಳಸಿದಾಗ ದೊರೆಯುವಂಥದು. ಬೇಗ ಬಳಸಿದರೆ ಕಡಮೆ, ಪೂರ್ತಿ ಬರಿದು ಮಾಡಿದರೆ ಆಯುಸ್ಸಿಗೇ ಕುತ್ತು. ಹಳತಾದ ಬ್ಯಾಟರಿಯ ಗ್ಲೈಡರಿನಲ್ಲಿ, ಚಾಲಕನು ಮಾತನಾಡಲೆಂದು ರೇಡಿಯೋದ ಗುಂಡಿಯನ್ನು ಒತ್ತಿದೊಡನೆ ವೋಲ್ಟೇಜು ಕುಸಿದು ಉಳಿದ ಉಪಕರಣಗಳು ಆರಿಹೋಗುವುದುಂಟು. ಅದೂ ಇಳಿಯುವ ಮುನ್ನ, ರೇಡಿಯೋ ಅತ್ಯವಶ್ಯವಾದ ಗಳಿಗೆಯಲ್ಲಿ.

ಆದುದರಿಂದ ಲಿಥಿಯಮ್ ಬ್ಯಾಟರಿಯ ಕಡೆಗೆ ಮನಸ್ಸು ಹರಿಯುವುದು ನ್ಯಾಯವೇ. ಆದರೆ ಲಿಥಿಯಮ್ ಎಂಬುದು ಒಂದೇ ವಸ್ತುವಿನ ಹೆಸರಲ್ಲ, ಅದೊಂದು ಕುಲದ ಹೆಸರು ಎಂಬುದನ್ನು ಕೊಳ್ಳುವವನು ಮೊದಲು ಮನಗಾಣಬೇಕು. 1991ರಲ್ಲಿ ಸೋನಿ ಕಂಪನಿಯು ಮಾರುಕಟ್ಟೆಗೆ ತಂದ ಮೊದಲ ಲಿಥಿಯಮ್-ಅಯಾನ್ ಬ್ಯಾಟರಿಯು ಕೋಬಾಲ್ಟ್ ಆಕ್ಸೈಡನ್ನು ಅವಲಂಬಿಸಿದುದಾಗಿತ್ತು. ಸಣ್ಣ ಗಾತ್ರದಲ್ಲಿ ಹೆಚ್ಚು ಶಕ್ತಿಯನ್ನು ಹಿಡಿದಿಡುವುದರಲ್ಲಿ ಆ ವರ್ಗಕ್ಕೆ ಎಣೆಯಿಲ್ಲವಾದರೂ, ಅತಿಯಾಗಿ ಕಾದಾಗ ಅದು ತನ್ನೊಳಗಣ ಆಮ್ಲಜನಕವನ್ನೇ ಬಿಡುಗಡೆ ಮಾಡಿ ತನ್ನ ಬೆಂಕಿಯನ್ನು ತಾನೇ ಪೋಷಿಸಿಕೊಳ್ಳುತ್ತದೆ. 2013ರ ಜನವರಿಯಲ್ಲಿ ಬಾಸ್ಟನ್ ವಿಮಾನ ನಿಲ್ದಾಣದಲ್ಲಿ ನಿಂತಿದ್ದ ಬೋಯಿಂಗ್ 787 ವಿಮಾನದ ಬ್ಯಾಟರಿಗೆ ಬೆಂಕಿ ಹತ್ತಿಕೊಂಡದ್ದು, ಕೆಲವೇ ದಿನಗಳಲ್ಲಿ ಜಪಾನಿನಲ್ಲಿ ಅಂಥದೇ ಇನ್ನೊಂದು ವಿಮಾನವು ತುರ್ತಾಗಿ ಇಳಿಯಬೇಕಾಗಿ ಬಂದದ್ದು, ಆ ಮಾದರಿಯ ವಿಮಾನಗಳೆಲ್ಲವೂ ಜಗತ್ತಿನಾದ್ಯಂತ ನೆಲ ಹಿಡಿದದ್ದು ಈ ವರ್ಗದ ಬ್ಯಾಟರಿಯಿಂದಲೇ. ಚಾಲಕನ ಬೆನ್ನ ಹಿಂದೆಯೇ ಬ್ಯಾಟರಿಯನ್ನು ಇಡುವ, ಗಾಜಿನ ನಾರು ಮತ್ತು ರಾಳದಿಂದ ಕಟ್ಟಿದ ಗ್ಲೈಡರಿನಲ್ಲಿ ಇಂಥ ಬೆಂಕಿಯೆಂದರೆ ಪ್ಯಾರಾಚೂಟಿನ ಹೊರತು ಬೇರೆ ಗತಿಯಿಲ್ಲ.

ಇಂಥ ಬೆಂಕಿಯ ಭಯಕ್ಕೆ ಉತ್ತರವಾಗಬಲ್ಲುದು ಲಿಥಿಯಮ್ ಕಬ್ಬಿಣ ಫಾಸ್ಫೇಟ್. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಇದರ ಗುಣವನ್ನು ಕಂಡು 1997ರಲ್ಲಿ ಪ್ರಕಟಿಸಿದ ಪ್ರಬಂಧದ ಮೇಲೆ ಪಾಢಿ, ನಂಜುಂಡಸ್ವಾಮಿ, ಗುಡ್‌ಇನಫ್ ಎಂಬ ಮೂರು ಹೆಸರುಗಳಿವೆ. ಜಾನ್ ಗುಡ್‌ಇನಫ್ ಅವರಿಗೆ 2019ರಲ್ಲಿ, ಲಿಥಿಯಮ್-ಅಯಾನ್ ಬ್ಯಾಟರಿಯ ಅಭಿವೃದ್ಧಿಗಾಗಿ, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೊ ಅವರೊಡನೆ ನೊಬೆಲ್ ಪಾರಿತೋಷಕ ಬಂದಿತು. ನಡುವಣ ಹೆಸರು ನಮ್ಮವರ ಕಿವಿಗೆ ಎಷ್ಟು ಆಪ್ತವಾದುದೆಂಬುದನ್ನು ಹೇಳಬೇಕಾಗಿಲ್ಲ, ಆದರೆ ನಮ್ಮ ವಿಜ್ಞಾನದ ಪಾಠಗಳಲ್ಲಿ ಅದು ಕೇಳಿಬರುವುದೇ ಅಪರೂಪವೆಂಬುದು ನನಗೆ ಖೇದದ ಸಂಗತಿ. ಈ ಸಂಯುಕ್ತದಲ್ಲಿ ಆಮ್ಲಜನಕವು ರಂಜಕದೊಡನೆ ಬಿಗಿಯಾಗಿ ಬೆಸೆದುಕೊಂಡಿರುವುದರಿಂದ ಕಾದರೂ ಸುಲಭವಾಗಿ ಬಿಡಿಸಿಕೊಂಡು ಬಾರದು. ಒಂದೊಂದು ಸೆಲ್ಲು 3.2 ವೋಲ್ಟಿನದು, ನಾಲ್ಕನ್ನು ಸಾಲಾಗಿ ಜೋಡಿಸಿದರೆ 12.8 ವೋಲ್ಟಾಗಿ, ಸೀಸ-ಆಮ್ಲಕ್ಕೆಂದೇ ರಚಿತವಾದ ಉಪಕರಣಗಳಿಗೆ ಯಾವ ಮಾರ್ಪಾಡೂ ಇಲ್ಲದೆ ಒಗ್ಗುತ್ತದೆ. ಕೋಬಾಲ್ಟ್ ವರ್ಗದ ಸೆಲ್ಲುಗಳಲ್ಲಿ ಈ ಅನುಕೂಲವಿಲ್ಲ: ಮೂರಾದರೆ ಬರಿದಾಗುತ್ತ 10 ವೋಲ್ಟಿಗಿಂತ ಕೆಳಗಿಳಿಯುತ್ತದೆ, ನಾಲ್ಕಾದರೆ ತುಂಬಿದಾಗ 16.8 ವೋಲ್ಟಿಗೇರಿ ಕೆಲವು ಉಪಕರಣಗಳ ಸೈರಣೆಯನ್ನು ಮೀರುತ್ತದೆ.

ಹಗುರವಾಗಿರುವುದೇ ಲಿಥಿಯಮ್ಮಿನ ಮುಖ್ಯ ಲಾಭವೆಂದು ಮಾರುವವರು ಹೇಳುವುದುಂಟು. ಸೀಸ-ಆಮ್ಲದ್ದು ಎರಡೂವರೆ ಕಿಲೋ ತೂಗುವೆಡೆ ಇದು ಸುಮಾರು ಒಂದು ಕಿಲೋ ತೂಗುವುದು ನಿಜವೇ. ಆದರೆ ವೇಗಕ್ಕಾಗಿ ರೆಕ್ಕೆಗಳಲ್ಲಿ ನೂರು ಲೀಟರಿಗೂ ಮೀರಿ ನೀರನ್ನು ಬೇಕೆಂದೇ ತುಂಬಿಕೊಂಡು ಹಾರುವ ಸ್ಪರ್ಧೆಯ ಗ್ಲೈಡರಿಗೆ ಒಂದೂವರೆ ಕಿಲೋದ ಉಳಿತಾಯವು ದೊಡ್ಡದೆಂದು ನನಗೆ ತೋರದು. ಅದು ಕೆಲವೊಮ್ಮೆ ತೊಡಕೂ ಆಗಬಲ್ಲುದು. ಮೂತಿಯಲ್ಲಿದ್ದ ಭಾರವಾದ ಬ್ಯಾಟರಿಯನ್ನು ತೆಗೆದು ಹಗುರವಾದುದನ್ನು ಇಟ್ಟರೆ ವಿಮಾನದ ಗುರುತ್ವಕೇಂದ್ರವು ಹಿಂದಕ್ಕೆ ಸರಿದು ಸ್ಥಿರತೆಯು ತಗ್ಗುತ್ತದೆ. ಆದ್ದರಿಂದ ತೂಕ-ಸಮತೋಲನವನ್ನು ಮರಳಿ ಲೆಕ್ಕ ಹಾಕದೆ, ನಿರ್ಮಾತೃವಿನ ಕೈಪಿಡಿಯನ್ನು ನೋಡದೆ, ಪರವಾನಗಿ ಪಡೆದ ಎಂಜಿನಿಯರನ ಒಪ್ಪಿಗೆಯಿಲ್ಲದೆ ಈ ಬದಲಾವಣೆಗೆ ಕೈಹಾಕಲಾಗದು. ನಿಜವಾದ ಲಾಭವಿರುವುದು ಬರೆದಷ್ಟು ಶಕ್ತಿಯೂ ಬಹುಮಟ್ಟಿಗೆ ಬಳಕೆಗೆ ದೊರೆಯುವುದರಲ್ಲಿ ಮತ್ತು ಬಹುತೇಕ ಕಡೆಯವರೆಗೂ ವೋಲ್ಟೇಜು ಕುಗ್ಗದಿರುವುದರಲ್ಲಿ.

ಆದರೆ ಈ ಗುಣದ ಒಳಗೇ ಒಂದು ಅಪಾಯವಿದೆ. ಸೀಸ-ಆಮ್ಲವು ಎಣ್ಣೆ ತೀರುತ್ತಿರುವ ದೀಪದಂತೆ ಮೆಲ್ಲಮೆಲ್ಲನೆ ಮಂಕಾಗಿ ಮುನ್ಸೂಚನೆ ಕೊಡುತ್ತದೆ. ಕಬ್ಬಿಣ ಫಾಸ್ಫೇಟು ಮುಕ್ಕಾಲು ಬರಿದಾದಾಗಲೂ ತುಂಬಿದಂತೆಯೇ ತೋರಿ, ಕೊನೆಯಲ್ಲಿ ಥಟ್ಟನೆ ಇಳಿದು, ಒಳಗಿನ ರಕ್ಷಣಾ ಮಂಡಲವು ಸಂಪರ್ಕವನ್ನು ಕಡಿದುಬಿಡುತ್ತದೆ. ವೋಲ್ಟ್‌ಮೀಟರನ್ನು ನಂಬಿದವನು ಇಲ್ಲಿ ಮೋಸಹೋಗುವನು. ಬಳಸಿದ ಆಂಪಿಯರ್-ಗಂಟೆಗಳ ಲೆಕ್ಕವಿಡುವ ಮಾಪಕವೋ, ಸ್ವಿಚ್ಚು ತಿರುಗಿಸಿದರೆ ಸಿದ್ಧವಾಗುವ ಎರಡನೆಯ ಬ್ಯಾಟರಿಯೋ ಇರಲೇಬೇಕು. ಐದು ಗಂಟೆಯ ಹಾರಾಟಕ್ಕೆ 5 ಸಾಕೆಂದು ಲೆಕ್ಕ ಹೇಳಿದರೂ ನಾನು 9 ಅಥವಾ 10 ಆಂಪಿಯರ್-ಗಂಟೆಯದನ್ನೇ ಆರಿಸುವೆನು.

ಶೈತ್ಯದ ವಿಷಯವಾಗಿ ಯೂರೋಪಿನವರಿಗಿರುವಷ್ಟು ಚಿಂತೆ ನಮಗೆ ಬೇಡ. ಸೊನ್ನೆ ಡಿಗ್ರಿಗಿಂತ ಕೆಳಗೆ ಈ ಸೆಲ್ಲುಗಳನ್ನು ಚಾರ್ಜು ಮಾಡಿದರೆ ಒಳಗೆ ಲಿಥಿಯಮ್ ಲೋಹವು ಲೇಪಗೊಂಡು ಕೆಡುವುದಾದರೂ, ಹಾರುವಾಗ ನಡೆಯುವುದು ಬಳಕೆಯೇ ಹೊರತು ಚಾರ್ಜಲ್ಲ. ನಮ್ಮ ಶತ್ರು ಉಷ್ಣ. ನಲವತ್ತು ಡಿಗ್ರಿಯ ಬಿಸಿಲಿನಲ್ಲಿ ಗಾಜಿನಂಥ ಮುಚ್ಚಳದ ಅಡಿ ನಿಂತ ಗ್ಲೈಡರಿನ ಒಳಗು ಅದಕ್ಕಿಂತಲೂ ಎಷ್ಟೋ ಹೆಚ್ಚು ಕಾಯುತ್ತದೆ. ಲಿಥಿಯಮ್ಮಿನ ಆಯುಸ್ಸನ್ನು ಶಾಖದಷ್ಟು ತಿನ್ನುವುದು ಮತ್ತೊಂದಿಲ್ಲ. ಹಾರಾಟ ಮುಗಿದೊಡನೆ ಬ್ಯಾಟರಿಯನ್ನು ಹೊರತೆಗೆದು ನೆರಳಿಗೆ ಒಯ್ಯತಕ್ಕದ್ದು; ತಿಂಗಳುಗಟ್ಟಲೆ ಇಡುವುದಾದರೆ ಪೂರ್ತಿ ತುಂಬಿಡದೆ ಅರ್ಧಕ್ಕೆ ತುಸು ಮೇಲಿರಿಸತಕ್ಕದ್ದು.

ಚಾರ್ಜರಿನ ವಿಚಾರದಲ್ಲಿ ಜಿಪುಣತನ ಸಲ್ಲದು. ಸೀಸ-ಆಮ್ಲದ ಕೆಲವು ಚಾರ್ಜರುಗಳು ಹಳೆಯ ಫಲಕಗಳನ್ನು ಚೇತರಿಸಲೆಂದು ಹೆಚ್ಚಿನ ವೋಲ್ಟೇಜಿನ ಮಿಡಿತಗಳನ್ನು ಕಳುಹಿಸುತ್ತವೆ. ಅದು ಇಲ್ಲಿ ವಿಷಪ್ರಾಯ. ನಾಲ್ಕು ಸೆಲ್ಲಿನ ಕಬ್ಬಿಣ ಫಾಸ್ಫೇಟಿಗೆಂದೇ ಮಾಡಿದ, ಗರಿಷ್ಠ 14.6 ವೋಲ್ಟನ್ನು ಮೀರದ ಚಾರ್ಜರೇ ಆಗಬೇಕು. ಫ್ಯೂಸು ಬ್ಯಾಟರಿಯ ಮಗ್ಗುಲಲ್ಲೇ ಇರಬೇಕು, ಉಪಕರಣ ಫಲಕದ ಬಳಿಯಲ್ಲಿ ಅಲ್ಲ; ನಡುವಣ ತಂತಿ ಉಜ್ಜಿ ತಾಗಿಕೊಂಡರೆ ರಕ್ಷಿಸುವುದು ಅದೊಂದೇ.

ಬ್ಯಾಟರಿ ಪಂಪಿಗೆ ಲಿಥಿಯಮ್ ಹಾಕಿಸಲು ಹೊರಟಿರುವ ನಮ್ಮ ರೈತ ಬಂಧುಗಳಿಗೂ, ಎಂದಾದರೊಮ್ಮೆ ಹಡಪಸರದ ದಾರಿ ಹಿಡಿಯಲಿರುವ ಜಮಖಂಡಿ, ಮುಧೋಳ, ಬೀಳಗಿಯ ತರುಣ ತರುಣಿಯರಿಗೂ ನನ್ನ ವಿಜ್ಞಾಪನೆಯಿಷ್ಟೆ: ಹೊದಿಕೆಯ ಒಳಗಿರುವ ಸೆಲ್ಲು ಯಾವ ರಸಾಯನದ್ದು, ಯಾರು ಮಾಡಿದ್ದು, ಎಷ್ಟು ವೋಲ್ಟಿನವರೆಗೆ ತುಂಬಬಹುದು ಎಂಬ ಮೂರು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಕೊಡಲಾರದ ಅಂಗಡಿಯಲ್ಲಿ, ಬೆಲೆ ಅರ್ಧವಾದರೂ ಸರಿ, ಲಿಥಿಯಮ್ ಬ್ಯಾಟರಿಯನ್ನು ಕೊಳ್ಳಬೇಡಿ.