ಕಪ್ಪು ಪರದೆ ಕಂಡೊಡನೆ ಡಿಸ್ಕ್ ಅಳಿಸಬೇಡಿ

ಉಬುಂಟು ಇನ್‌ಸ್ಟಾಲ್ ಮುಗಿದಿದೆ. ಪೆನ್‌ಡ್ರೈವ್ ತೆಗೆದು ರೀಸ್ಟಾರ್ಟ್ ಮಾಡಿದರೆ ಡೆಸ್ಕ್‌ಟಾಪ್ ಬದಲು ಕಪ್ಪು ಪರದೆ, ಮೇಲೆ ‘ಗ್ರಬ್ ರೆಸ್ಕ್ಯೂ’ ಎಂಬ ಒಂದೇ ಸಾಲು. ಗಾಬರಿಯಲ್ಲಿ ಹಲವರು ಎಲ್ಲವನ್ನೂ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಲು ಹೊರಡುತ್ತಾರೆ. ಬಹಳ ಸಲ ಅದರ ಅಗತ್ಯವೇ ಇರುವುದಿಲ್ಲ. ಫೈಲುಗಳು ಡಿಸ್ಕಿನಲ್ಲಿ ಇದ್ದಲ್ಲೇ ಇರುತ್ತವೆ, ಅವುಗಳವರೆಗಿನ ದಾರಿ ತಪ್ಪಿರುತ್ತದೆ ಅಷ್ಟೆ. ಎಲ್ಲಿ ತಪ್ಪಿತು ಎಂಬುದರ ಸುಳಿವು ಪರದೆಯ ಮೇಲೆಯೇ ಇರುತ್ತದೆ.

ಬೂಟ್ ಆಗುವುದು ಹಂತಹಂತವಾಗಿ. ಮೊದಲು ಮದರ್‌ಬೋರ್ಡಿನ ಫರ್ಮ್‌ವೇರ್ ಬೂಟ್‌ಲೋಡರನ್ನು ಹುಡುಕುತ್ತದೆ. ಹಳೆಯ ಬಯೋಸ್ ಯಂತ್ರಗಳಲ್ಲಿ ಅದರ ಮೊದಲ ತುಣುಕು ಇರುವುದು ಡಿಸ್ಕಿನ ಆರಂಭದ 512 ಬೈಟ್‌ಗಳಲ್ಲಿ, ಯುಇಎಫ್‌ಐ ಯಂತ್ರಗಳಲ್ಲಾದರೆ ಇಎಫ್‌ಐ ಎಂಬ ಸಣ್ಣ ಪಾರ್ಟಿಶನ್ನಿನಲ್ಲಿ. ಬೂಟ್‌ಲೋಡರ್ ಆದ ಗ್ರಬ್, ಕರ್ನೆಲ್ಲನ್ನೂ ಇನಿಟ್‌ರಾಮ್‌ಎಫ್‌ಎಸ್ ಎಂಬ ತಾತ್ಕಾಲಿಕ ಫೈಲ್ ಸಿಸ್ಟಮನ್ನೂ ಮೆಮೊರಿಗೆ ತರುತ್ತದೆ. ಅದರಲ್ಲಿರುವ ಡ್ರೈವರ್‌ಗಳ ನೆರವಿನಿಂದ ನಿಜವಾದ ರೂಟ್ ಫೈಲ್ ಸಿಸ್ಟಮ್ ಮೌಂಟ್ ಆಗುತ್ತದೆ.

ಬೂಟ್ ಮಾಡಬಲ್ಲ ಸಾಧನವೇ ಇಲ್ಲ ಎಂಬ ಸಂದೇಶ ಬಂದರೆ ಫರ್ಮ್‌ವೇರ್‌ಗೆ ಗ್ರಬ್ ಸಿಕ್ಕಿಲ್ಲ. ಬೂಟ್ ಕ್ರಮವನ್ನೂ, ಪೆನ್‌ಡ್ರೈವ್ ಯುಇಎಫ್‌ಐ ಬದಲು ಹಳೆಯ ಲೆಗಸಿ ಮೋಡ್‌ನಲ್ಲಿ ಓಡಿತ್ತೇ ಎಂಬುದನ್ನೂ ನೋಡಿ. ‘ಗ್ರಬ್ ರೆಸ್ಕ್ಯೂ’ ಬಂದರೆ ಗ್ರಬ್‌ನ ಮೊದಲ ತುಣುಕು ಸಿಕ್ಕಿದೆ, ಉಳಿದ ಭಾಗ ಸಿಕ್ಕಿಲ್ಲ. ಪಾರ್ಟಿಶನ್ ಅಳಿಸಿದಾಗ, ಸರಿಸಿದಾಗ ಹೀಗಾಗುವುದುಂಟು.

‘ಇನಿಟ್‌ರಾಮ್‌ಎಫ್‌ಎಸ್’ ಪ್ರಾಂಪ್ಟ್‌ಗೆ ಬಂದು ನಿಂತಿದ್ದರೆ ಕರ್ನೆಲ್ ಓಡಿದೆ, ರೂಟ್ ಸಿಕ್ಕಿಲ್ಲ ಅಥವಾ ಅದರಲ್ಲಿ ದೋಷವಿದೆ. ಪ್ರತಿ ಪಾರ್ಟಿಶನ್ನಿಗೂ ಯುಯುಐಡಿ ಎಂಬ ಗುರುತುಸಂಖ್ಯೆ ಇರುತ್ತದೆ. ಫಾರ್ಮ್ಯಾಟ್ ಮಾಡಿದೊಡನೆ ಅದು ಬದಲಾಗುತ್ತದೆ. ಪ್ರಾಂಪ್ಟ್‌ನಲ್ಲಿ ‘ಬಿಎಲ್‌ಕೆಐಡಿ’ ಆದೇಶ ಕೊಟ್ಟರೆ ಈಗಿನ ಸಂಖ್ಯೆಗಳು ಕಾಣುತ್ತವೆ. ಅವನ್ನು ಗುರುತು ಹಾಕಿಕೊಂಡು ರೀಸ್ಟಾರ್ಟ್ ಮಾಡಿ, ಗ್ರಬ್ ಮೆನುವಿನಲ್ಲಿ ‘ಇ’ ಒತ್ತಿ, ‘ಲಿನಕ್ಸ್’ ಎಂದು ಶುರುವಾಗುವ ಸಾಲಿನಲ್ಲಿ ರೂಟ್‌ಗೆ ಕೊಟ್ಟ ಸಂಖ್ಯೆಯೊಡನೆ ತಾಳೆ ನೋಡಿ. ಹೊಂದದಿದ್ದರೆ ಅಲ್ಲೇ ತಿದ್ದಿ ಎಫ್10 ಒತ್ತಿದರೆ ಆ ಒಂದು ಸಲಕ್ಕೆ ಯಂತ್ರ ಏಳುತ್ತದೆ. ಬಳಿಕ ಗ್ರಬ್ ಅಪ್‌ಡೇಟ್ ಮಾಡಿ, ಎಫ್‌ಎಸ್‌ಟ್ಯಾಬ್ ಫೈಲನ್ನೂ ಸರಿಪಡಿಸಬೇಕು. ಡಿಸ್ಕೇ ಪಟ್ಟಿಯಲ್ಲಿ ಇಲ್ಲವೆಂದರೆ ಡ್ರೈವರ್ ಕೊರತೆಯನ್ನೋ ಫರ್ಮ್‌ವೇರ್‌ನ ರೇಡ್ ಸೆಟ್ಟಿಂಗನ್ನೋ ಶಂಕಿಸಬೇಕು. ವಿಂಡೋಸ್ ಕೂಡ ಇರುವ ಯಂತ್ರದಲ್ಲಿ, ಬಿಟ್‌ಲಾಕರ್ ರಿಕವರಿ ಕೀ ಕೈಯಲ್ಲಿಲ್ಲದೆ ಆ ಸೆಟ್ಟಿಂಗ್ ಮುಟ್ಟಬೇಡಿ.

ಗ್ರಬ್ ಅನ್ನೇ ಮತ್ತೆ ಹಾಕಬೇಕಾದರೆ ಅದೇ ಪೆನ್‌ಡ್ರೈವ್‌ನಿಂದ ಲೈವ್ ಆಗಿ ಬೂಟ್ ಮಾಡಿ. ರೂಟ್ ಮತ್ತು ಇಎಫ್‌ಐ ಪಾರ್ಟಿಶನ್‌ಗಳನ್ನು ಮೌಂಟ್ ಮಾಡಿ, ಡೆವ್, ಪ್ರೋಕ್, ಸಿಸ್ ಜೋಡಿಸಿ, ‘ಸಿಎಚ್‌ರೂಟ್’ ಮೂಲಕ ಒಳಹೊಕ್ಕು ಗ್ರಬ್ ಇನ್‌ಸ್ಟಾಲ್ ಮಾಡಿ. ಇನಿಟ್‌ರಾಮ್‌ಎಫ್‌ಎಸ್ ಅನ್ನೂ ಅಲ್ಲೇ ಹೊಸದಾಗಿ ಕಟ್ಟಬಹುದು. ಫೈಲ್ ಸಿಸ್ಟಮ್ ಕೆಟ್ಟಿದ್ದರೆ ‘ಎಫ್‌ಎಸ್‌ಸಿಕೆ’ ಇದೆ. ಮೌಂಟ್ ಆಗಿರುವ ಪಾರ್ಟಿಶನ್ ಮೇಲೆ ಮಾತ್ರ ಅದನ್ನು ಓಡಿಸಬಾರದು.

ಇನ್‌ಸ್ಟಾಲ್‌ಗೆ ಮುಂಚೆ ಮುಖ್ಯ ಫೈಲುಗಳನ್ನು ಬೇರೆ ಡಿಸ್ಕಿಗೆ ನಕಲಿಸಿಕೊಳ್ಳಿ. ಯಂತ್ರ ಕೈಕೊಟ್ಟರೆ ಪರದೆಯ ಸಂದೇಶವನ್ನು ಪೂರ್ತಿ ಓದಿ, ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ತಿಳಿದವರ ನೆರವು ಕೇಳುವಾಗ ಅದೇ ಮೊದಲು ಬೇಕಾಗುವುದು. ಫಾರ್ಮ್ಯಾಟ್ ಕೊನೆಯ ದಾರಿಯಾಗಿರಲಿ.