'ಸಾಧ್ಯವೇ ಇಲ್ಲ' ಎನಿಸಿಕೊಂಡ ಪ್ರಯೋಗಕ್ಕೆ ದಾರಿ ತೆರೆದ ಪ್ರಾಗ್ ಸಮ್ಮೇಳನ

ವಿಜ್ಞಾನ ಸಮ್ಮೇಳನ ಎಂದೊಡನೆ ನಮಗೆ ನೆನಪಾಗುವುದು ಉದ್ಘಾಟನೆ, ಪ್ರಬಂಧ ಮಂಡನೆ, ಸಮಾರೋಪ. ಆದರೆ 1968ರಲ್ಲಿ ಆಗಿನ ಜೆಕೊಸ್ಲೊವಾಕಿಯಾದ ಪ್ರಾಗ್ ನಗರದಲ್ಲಿ ನಡೆದ ಒಂದು ಸಮ್ಮೇಳನ, ಹಲವು ವರ್ಷ ಮೂಲೆಗುಂಪಾಗಿದ್ದ ಶೋಧವೊಂದನ್ನು ಹೊರ ಜಗತ್ತಿಗೆ ಪರಿಚಯಿಸಿತು. ಜೀವಿಗಳಲ್ಲಿಯೂ ರಾಸಾಯನಿಕಗಳಲ್ಲಿಯೂ ಲಯಬದ್ಧವಾಗಿ ಏರಿಳಿಯುವ ಕ್ರಿಯೆಗಳೇ ಅದರ ವಿಷಯವಾಗಿತ್ತು. ಇಂಥವನ್ನು ಆಂದೋಲನ ಕ್ರಿಯೆಗಳು ಎನ್ನುತ್ತಾರೆ.

ಇದರಲ್ಲಿ ವಿಶೇಷವೇನು? ಅರಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುವುದನ್ನು ನಾವೆಲ್ಲ ನೋಡಿದ್ದೇವೆ. ಆ ನೀರು ತಾನಾಗಿಯೇ ಹಳದಿಯಾಗಿ, ಮತ್ತೆ ಕೆಂಪಾಗಿ, ಪುನಃ ಹಳದಿಯಾಗುತ್ತಾ ಹೋದರೆ ನಾವು ನಂಬುತ್ತೇವೆಯೇ?

ಸೋವಿಯತ್ ರಸಾಯನ ವಿಜ್ಞಾನಿ ಬೋರಿಸ್ ಬೆಲೌಸೊವ್ ಕಂಡದ್ದು ಇಂಥದ್ದನ್ನೇ. ಜೀವಕೋಶಗಳು ಆಹಾರದಿಂದ ಶಕ್ತಿ ಪಡೆಯುವ ಬಗೆಯನ್ನು ಅರಿಯಲು ಅವರು ನಿಂಬೆಯಲ್ಲಿರುವ ಸಿಟ್ರಿಕ್ ಆಮ್ಲಕ್ಕೆ ಬ್ರೋಮೇಟ್, ಸೀರಿಯಂ ಲವಣ ಮತ್ತು ಗಂಧಕಾಮ್ಲ ಬೆರೆಸಿದರು. ದ್ರಾವಣ ಹಳದಿಯಾಯಿತು, ಬಣ್ಣ ಕಳೆದುಕೊಂಡಿತು, ಮತ್ತೆ ಹಳದಿಯಾಯಿತು. 1951ರಲ್ಲಿ ಅವರು ಕಳುಹಿಸಿದ ಲೇಖನವನ್ನು ಪತ್ರಿಕೆಯೊಂದು 'ಇದು ಅಸಾಧ್ಯ' ಎಂದು ತಿರಸ್ಕರಿಸಿತು. ಕೊನೆಗೆ 1959ರಲ್ಲಿ, ವಿಕಿರಣ ವೈದ್ಯಕೀಯದ ಸಂಕಲನವೊಂದರಲ್ಲಿ ಚಿಕ್ಕ ಬರಹವಾಗಿ ಅದು ಅಚ್ಚಾಯಿತು.

ತಿರಸ್ಕರಿಸಿದವರಿಗೂ ಕಾರಣವಿತ್ತು. ಬಂಡೆ ಇಳಿಜಾರಿನಲ್ಲಿ ಕೆಳಗೆ ಉರುಳುತ್ತದೆ, ತಾನಾಗಿ ಮೇಲೇರುವುದಿಲ್ಲ. ರಾಸಾಯನಿಕ ಕ್ರಿಯೆಯೂ ಹಾಗೆಯೇ ಸಮತೋಲನದತ್ತ ಸಾಗುತ್ತದೆ ಎಂಬುದು ಸರಿಯಾದ ನಿಯಮ. ಆದರೆ ಕೀ ಕೊಟ್ಟ ಗೋಡೆ ಗಡಿಯಾರವನ್ನು ಗಮನಿಸೋಣ. ಲೋಲಕ ಆಚೀಚೆ ತೂಗುತ್ತದೆ. ಒಳಗಿನ ಸ್ಪ್ರಿಂಗ್ ಮಾತ್ರ ಒಂದೇ ದಿಕ್ಕಿನಲ್ಲಿ ಬಿಚ್ಚಿಕೊಳ್ಳುತ್ತದೆ. ಬೆಲೌಸೊವ್ ದ್ರಾವಣದಲ್ಲಿಯೂ ಬಣ್ಣ ತೂಗಾಡುತ್ತದೆ, ಆದರೆ ಬೆರೆಸಿದ ವಸ್ತುಗಳು ಖರ್ಚಾಗುತ್ತಲೇ ಇರುತ್ತವೆ. ಅವು ಮುಗಿಯುತ್ತಾ ಬಂದಂತೆ ಆಟವೂ ನಿಲ್ಲುತ್ತದೆ. ಹೀಗಾಗಿ ನಿಯಮವೂ ಸುಳ್ಳಲ್ಲ, ಪ್ರಯೋಗವೂ ಸುಳ್ಳಲ್ಲ.

1961ರಲ್ಲಿ ಅನಾಟೊಲಿ ಝಬೋಟಿನ್‌ಸ್ಕಿ ಎಂಬ ಯುವ ಸಂಶೋಧನಾ ವಿದ್ಯಾರ್ಥಿ ಈ ಕೆಲಸವನ್ನು ಕೈಗೆತ್ತಿಕೊಂಡರು. ಸಿಟ್ರಿಕ್ ಆಮ್ಲದ ಬದಲು ಮೆಲೋನಿಕ್ ಆಮ್ಲ ಬಳಸಿ, ಪ್ರಯೋಗ ನಿಜವೆಂದು ತೋರಿಸಿದರು. ಆದರೆ ರಷ್ಯನ್ ಭಾಷೆಯ ಬರಹಗಳು ಪಶ್ಚಿಮದ ದೇಶಗಳಿಗೆ ತಲುಪುತ್ತಿದ್ದುದು ಕಡಿಮೆ. ಪ್ರಾಗ್ ಸಮ್ಮೇಳನದಲ್ಲಿ ಈ ಕೆಲಸ ಮಂಡನೆಯಾದ ನಂತರವೇ ಅಲ್ಲಿನ ವಿಜ್ಞಾನಿಗಳು ಇದರತ್ತ ತಿರುಗಿದರು. 1972ರಲ್ಲಿ ಫೀಲ್ಡ್, ಕೊರೊಶ್ ಮತ್ತು ನೋಯ್ಸ್ ಎಂಬ ಮೂವರು ಕ್ರಿಯೆಯ ಹಂತಗಳನ್ನು ವಿವರಿಸಿದರು. ತೆಳುವಾಗಿ ಹರಡಿದ ಈ ದ್ರಾವಣದಲ್ಲಿ ಏಳುವ ಸುರುಳಿ ಅಲೆಗಳ ಅಧ್ಯಯನ, ಹೃದಯದ ಬಡಿತ ಅಪಾಯಕರವಾಗಿ ಲಯ ತಪ್ಪಿದಾಗ ಅದರ ಸ್ನಾಯುವಿನಲ್ಲಿ ಸುತ್ತುವ ವಿದ್ಯುತ್ ಅಲೆಗಳನ್ನು ಅರಿಯಲು ಸಹಾಯವಾಯಿತು.

ಇಂದು ಇದು ಬೆಲೌಸೊವ್-ಝಬೋಟಿನ್‌ಸ್ಕಿ ಕ್ರಿಯೆ ಎಂದೇ ಪ್ರಸಿದ್ಧ. ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಇದನ್ನು ಮಾಡಿ ತೋರಿಸುತ್ತಾರೆ. ಬ್ರೋಮೇಟ್ ವಿಷ, ಗಂಧಕಾಮ್ಲ ಚರ್ಮ ಸುಡುತ್ತದೆ. ಆದ್ದರಿಂದ ಮಕ್ಕಳು ಮನೆಯಲ್ಲಿ ಇದಕ್ಕೆ ಕೈಹಾಕಬಾರದು.

1980ರಲ್ಲಿ ಸೋವಿಯತ್ ಸರಕಾರ ಈ ಶೋಧಕ್ಕೆ ಲೆನಿನ್ ಪ್ರಶಸ್ತಿ ನೀಡಿದಾಗ ಬೆಲೌಸೊವ್ ಹೆಸರೂ ಅದರಲ್ಲಿತ್ತು. ಆದರೆ ಅವರು 1970ರಲ್ಲಿಯೇ ತೀರಿಕೊಂಡಿದ್ದರು. ಒಬ್ಬರು ತಾವು ಕಂಡದ್ದನ್ನು ಹೇಳಿದಾಗ 'ಆಗಲಿಕ್ಕಿಲ್ಲ' ಎನ್ನುವ ಮೊದಲು, ಅದನ್ನೊಮ್ಮೆ ಮಾಡಿ ನೋಡುವುದು ಒಳ್ಳೆಯದು. ನಮ್ಮ ಸಭೆ, ಸಮ್ಮೇಳನಗಳಿಗೂ ಈ ಮಾತು ಸಲ್ಲುತ್ತದೆ.